ಸರಾಸರಿ ಏರಿಸಿದ ಡೆಲ್ಬರ್ಟ್

ಎಲ್ಲ ಅನಾಹುತಕ್ಕೂ ಮೂಲ ನೋಟೀಸ್ ಬೋರ್ಡಿನ ಮೇಲಿದ್ದ ‘ಸಿಹಿ ಸುದ್ದಿ’ ಎಂಬ ಎರಡು ಪದ. ಬರೆದವನು ಡೆಲ್ಬರ್ಟ್ ಸ್ಟಕಿ, ಬರೆಸಿದವನು ಮಾಲೀಕ ಲೈಲ್ ಬ್ರಂಬಾ. ಬೈಸಿಕೊಂಡವನು ಮಾತ್ರ ಎಂದಿನಂತೆ ಡೆಲ್ಬರ್ಟ್ ಒಬ್ಬನೇ.

ಅಮೆರಿಕದ ಇಂಡಿಯಾನಾ ರಾಜ್ಯದ ಹಾರ್ಲನ್‌ವಿಲ್ ಊರಿನ ಬ್ರಂಬಾ ಕಾರ್ಖಾನೆಯಲ್ಲಿ ಶವಪೆಟ್ಟಿಗೆಗೆ ಹಾಕುವ ಹಿತ್ತಾಳೆ ಹಿಡಿಗಳನ್ನು ಮಾಡುತ್ತಾರೆ. ಅಲ್ಲಿನ ನಲವತ್ತು ಜನ ಕೆಲಸಗಾರರ ನಿವೃತ್ತಿ ನಿಧಿ ನೋಡಿಕೊಳ್ಳುವುದು ಡೆಲ್ಬರ್ಟನ ಕೆಲಸ. “ಮುಪ್ಪಿಗೆ ಅಂತ ಸ್ವಲ್ಪ ಎತ್ತಿಡ್ರಪ್ಪಾ” ಎಂದು ಅವನು ಹೇಳಿದಾಗಲೆಲ್ಲ ಜನ ತಾವು ಉಜ್ಜುತ್ತಿದ್ದ ಹಿಡಿಯನ್ನು ತೋರಿಸಿ, “ಯಾಕೆ, ನಮ್ಮ ಮುಂದಿನ ವ್ಯವಸ್ಥೆ ಇಲ್ಲೇ ತಯಾರಾಗ್ತಿದೆಯಲ್ಲ!” ಎಂದು ನಗುತ್ತಿದ್ದರು.

ಪ್ರತಿ ವರ್ಷ ನವೆಂಬರಿನಲ್ಲಿ ಸರ್ಕಾರ ಒಂದು ಪ್ರಕಟಣೆ ಹೊರಡಿಸುತ್ತದೆ. ಬೆಲೆಗಳು ಏರಿವೆ, ಆದ್ದರಿಂದ ನಿವೃತ್ತಿ ನಿಧಿಗೆ ಒಬ್ಬರು ವರ್ಷಕ್ಕೆ ಎಷ್ಟು ಹಾಕಬಹುದೋ ಆ ಮಿತಿಯನ್ನೂ ಏರಿಸಲಾಗಿದೆ ಎನ್ನುವುದು ಅದರ ಸಾರಾಂಶ. ಬೆಲೆ ಏರಿದ್ದರಿಂದಲೇ ಹಾಕಲು ಏನೂ ಉಳಿದಿಲ್ಲ ಎನ್ನುವುದನ್ನು ಸರ್ಕಾರಕ್ಕೆ ಯಾರೂ ಹೇಳಿದಂತಿಲ್ಲ. ಆ ಕಾರ್ಖಾನೆಯಲ್ಲಿ ಮಿತಿಯವರೆಗೆ ಕೈ ಚಾಚಿದವರು ಲೈಲ್ ಮತ್ತು ಅವನ ಮೂವರು ಮ್ಯಾನೇಜರುಗಳು ಮಾತ್ರ. ಉಳಿದವರಿಗೆ ಆ ಮಿತಿ ನೂರು ಡಾಲರ್ ಏರಿದರೂ ಅಷ್ಟೇ, ಕೋಟಿ ಡಾಲರ್ ಏರಿದರೂ ಅಷ್ಟೇ.

ಆದರೂ ಲೈಲ್ ಆ ದಿನ ಬೆಳಿಗ್ಗೆ ಕಾರಿನಿಂದಲೇ ಫೋನ್ ಮಾಡಿ, “ಸಾವಿರ ಡಾಲರ್ ಏರಿಸಿದಾರೆ ಡೆಲ್ಬರ್ಟ್! ಮೇಲ್ಗಡೆ ಸಿಹಿ ಸುದ್ದಿ ಅಂತ ದಪ್ಪಕ್ಷರದಲ್ಲಿ ಹಾಕು. ಜನ ಖುಷಿಪಡ್ಲಿ” ಎಂದಿದ್ದ. ಡೆಲ್ಬರ್ಟ್ ಹಾಕಿದ. ಅದರ ಕೆಳಗೆ, ‘ಮುಂದಿನ ವರ್ಷದಿಂದ ನಿಮ್ಮ ನಿವೃತ್ತಿ ನಿಧಿಯ ಮಿತಿ ಒಂದು ಸಾವಿರ ಡಾಲರ್ ಹೆಚ್ಚಾಗಿದೆ’ ಎಂದು ಬರೆದ. ಸಿಹಿ ಎಂದ ಮೇಲೆ ಜನ ಕೆಳಗಿನ ಸಾಲನ್ನು ಪೂರ್ತಿ ಓದುವುದಿಲ್ಲ ಎನ್ನುವುದು ಆ ಬಡಪಾಯಿಗೆ ಹೊಳೆಯಲಿಲ್ಲ.

ಅವನು ಕಾಫಿ ತುಂಬಿಸಿಕೊಂಡು ತನ್ನ ಕೋಣೆಗೆ ತಿರುಗುವಷ್ಟರಲ್ಲಿ ಹಿಂದಿನಿಂದ ಯಾರೋ ಅವನನ್ನು ಸೊಂಟ ಹಿಡಿದು ನೆಲದಿಂದ ಎತ್ತಿದರು. ಕಾಫಿ ಅಂಗಿಯ ಮೇಲೆ ಚೆಲ್ಲಿತು. ಎತ್ತಿದವನು ಪಾಲಿಶ್ ವಿಭಾಗದ ಮೇಸ್ತ್ರಿ ಡಾರ್ಲ್ ಕೆಸ್ಲರ್. ಆನೆಯಂಥ ಆಳು.

“ನಿನ್ನ ಹೊಟ್ಟೆ ತಣ್ಣಗಿರ್ಲಿ ಕಣಯ್ಯಾ ಡೆಲ್ಬರ್ಟ್! ಆ ಜಿಪುಣ ಲೈಲ್ ಕೈಯಿಂದ ತಲೆಗೆ ಸಾವಿರ ಡಾಲರ್ ಬಿಚ್ಚಿಸಿದ್ಯಲ್ಲ! ನೀನಪ್ಪಾ ಗಂಡಸು ಅಂದ್ರೆ!”

“ಡಾರ್ಲ್, ಕೆಳಗಿಳಿಸು ಮಾರಾಯ, ಅದು ಹಾಗಲ್ಲ...”

“ಅಂಗಡೀಲಿ ಮಾಂಸಕ್ಕೆ ಹೊಗೆ ಹಾಕೋ ಒಲೆ ನೋಡ್ಕೊಂಡು ಬಂದಿದ್ದೆ ನೋಡು, ಈಗಷ್ಟೇ ಫೋನ್ ಮಾಡಿ ಕಳ್ಸಿ ಅಂದ್ಬಿಟ್ಟೆ. ಮೊದಲನೇ ಪೀಸು ನಿಂಗೇ!”

ಅಷ್ಟರಲ್ಲಿ ಪ್ಯಾಕಿಂಗ್ ವಿಭಾಗದ ಬರ್ನಿಸ್ ಫಂಕ್ ಬಂದಳು. ಅರವತ್ತು ದಾಟಿದ ಹೆಂಗಸು, ಊರಿನವರ ಮನೆಯ ಪಾತ್ರೆಗಳಲ್ಲಿ ಏನು ಬೇಯುತ್ತಿದೆ ಎಂದು ಕೂತಲ್ಲೇ ಹೇಳಬಲ್ಲವಳು. ಅವಳ ಹಿಂದೆ ಅರ್ಧ ಕಾರ್ಖಾನೆ. ಡೆಲ್ಬರ್ಟ್ ಒಂದು ಸ್ಟೂಲಿನ ಮೇಲೆ ಹತ್ತಿ, ಸತ್ಯ ಹೇಳಿದ. ಸಾವಿರ ಡಾಲರನ್ನು ಯಾರೂ ಕೊಡುತ್ತಿಲ್ಲ. ತಮ್ಮ ಸಂಬಳದಿಂದ ಸಾವಿರ ಡಾಲರ್ ಹೆಚ್ಚಿಗೆ ಹಾಕಲು ಸರ್ಕಾರ ಅನುಮತಿ ಕೊಟ್ಟಿದೆ, ಅಷ್ಟೇ.

ಡಾರ್ಲ್ ಬೋರ್ಡಿನ ಬಳಿ ಹೋಗಿ ಕೆಳಗಿನ ಸಾಲನ್ನು ಪೂರ್ತಿ ಓದಿ ಬಂದ.

“ನಮ್ಮ ದುಡ್ಡು?” ಎಂದ ಡಾರ್ಲ್.

“ಹೂಂ.”

“ನಾವೇ ಹಾಕ್ಬೇಕು?”

“ಹೂಂ. ಅಂದ್ರೆ, ಹಾಕ್ಬೇಕು ಅಂತೇನಿಲ್ಲ. ಹಾಕ್ಬೋದು.”

“ಕೇಳಿದ್ರೇನ್ರೋ?” ಎಂದಳು ಬರ್ನಿಸ್ ಜನರ ಕಡೆ ತಿರುಗಿ. “ಹಸಿವು ಅಂತ ಹೋದೋನಿಗೆ ಅನ್ನ ಹಾಕೋ ಬದ್ಲು ತಟ್ಟೆ ದೊಡ್ದು ಮಾಡಿ ಕೊಟ್ರಂತೆ. ಅದಕ್ಕೆ ಈ ಮನುಷ್ಯ ಸಿಹಿ ಸುದ್ದಿ ಅಂತ ಬೋರ್ಡ್ ಬೇರೆ ಹಾಕ್ಯವ್ನೆ.”

ಆ ಮೇಲೆ ಹಾರಿದ ಮಾತುಗಳನ್ನು ಇಲ್ಲಿ ಬರೆಯುವುದು ಬೇಡ. ಒಬ್ಬನು ತನ್ನ ತಿಂಡಿಯ ಬಾಳೆಹಣ್ಣಿನ ಸಿಪ್ಪೆಯನ್ನೂ ಹಾರಿಸಿದ. ಡೆಲ್ಬರ್ಟ್ ಅಂಗಿಯ ಮೇಲೆ ಕಾಫಿ, ಭುಜದ ಮೇಲೆ ಸಿಪ್ಪೆ ಹೊತ್ತು ನಿಂತಿದ್ದಾಗಲೇ ಮೇಲಿನಿಂದ ಲೈಲ್‌ನ ಕರೆ ಬಂತು.

ಲೈಲ್ ಬ್ರಂಬಾ ಎಲ್ಲರೂ ತನ್ನನ್ನು ಲೈಲ್ ಎಂದೇ ಕರೆಯಬೇಕೆಂದು ಅಪ್ಪಣೆ ಮಾಡಿದ್ದ. ಹೆಸರು ಹಿಡಿದು ಕರೆಯುವುದಕ್ಕೆ ಖರ್ಚಿಲ್ಲ. ಅರವತ್ತೊಂದು ವರ್ಷ, ಊರಿಗೆಲ್ಲ ಗೊತ್ತಿದ್ದಂತೆ ವಿಧುರ, ಚಳಿಗಾಲದಲ್ಲೂ ಬಿಸಿಲಿಗೆ ಹದವಾಗಿ ಬೆಂದ ಮುಖ.

“ಕೂತ್ಕೋ ಡೆಲ್ಬರ್ಟ್. ಮಿತಿ ಏರಿದೆ. ಮುಂದಿನ್ ವರ್ಷ ನಾನು ಪೂರ್ತಿ ಹಾಕ್ಬೇಕು. ಹೋದ್ ವರ್ಷ ಏನಾಯ್ತು?”

ಹೋದ ವರ್ಷ ಆದದ್ದು ಡೆಲ್ಬರ್ಟನಿಗೆ ಮರೆಯುವಂಥದ್ದಲ್ಲ. ಈ ನಿಧಿಗೆ ಕಾನೂನು ಒಂದು ಕೊಂಡಿ ಹಾಕಿದೆ. ಮೇಲಿನವರು, ಅಂದರೆ ಮಾಲೀಕ ಮತ್ತು ಮ್ಯಾನೇಜರುಗಳು, ಸಂಬಳದಲ್ಲಿ ಎಷ್ಟು ಪಾಲನ್ನು ಉಳಿಸಬಹುದು ಎನ್ನುವುದು ಕೆಳಗಿನವರು ಸರಾಸರಿ ಎಷ್ಟು ಉಳಿಸುತ್ತಾರೆ ಎನ್ನುವುದರ ಮೇಲೆ ನಿಂತಿದೆ. ಕೆಳಗಿನವರ ಸರಾಸರಿ ಬಿದ್ದರೆ ಮೇಲಿನವರು ಹಾಕಿದ್ದು ವಾಪಸ್ ಬರುತ್ತದೆ, ಅದರ ಮೇಲೆ ತೆರಿಗೆಯೂ ಬೀಳುತ್ತದೆ. ಹೋದ ವರ್ಷ ಸರಾಸರಿ ಶೇಕಡಾ ಮೂರರಲ್ಲಿ ಕುಂಟಿ, ಲೈಲ್‌ನ ಹಣದ ದೊಡ್ಡ ಪಾಲು ಮನೆಗೆ ಮರಳಿ ಬಂದಿತ್ತು. ಹಾಗಾಗಿ ವರ್ಷವಿಡೀ ಕೆಲಸಗಾರರ ಹೆಸರೂ ನೆನಪಿರದ ಲೈಲ್‌ಗೆ ನವೆಂಬರ್ ಬಂದರೆ ಅವರ ಮುಪ್ಪಿನ ಚಿಂತೆಯಲ್ಲಿ ನಿದ್ದೆ ಬರುತ್ತಿರಲಿಲ್ಲ.

“ಈ ಜನಕ್ಕೆ ನಾಳೆಯ ಪರಿವೆಯೇ ಇಲ್ಲ” ಎಂದ ಲೈಲ್ ನೊಂದುಕೊಂಡು. “ಸರಾಸರಿ ಐದು ಮುಟ್ಬೇಕು.”

“ಒಂದು ಸುಲಭದ ದಾರಿ ಇದೆ ಲೈಲ್” ಎಂದ ಡೆಲ್ಬರ್ಟ್ ಅಂಜುತ್ತ. “ಕಂಪನಿಯೇ ಎಲ್ಲರ ಖಾತೆಗೂ ಶೇಕಡಾ ಮೂರು ಅಂತ ಹಾಕಿಬಿಟ್ರೆ ಈ ಸರಾಸರಿಯ ಗೊಡವೆಯೇ ಇರಲ್ಲ. ನೀವು ಎಷ್ಟು ಬೇಕಾದ್ರೂ...”

“ಕುಡ್ದು ಬಂದಿದೀಯಾ?”

“ಇಲ್ಲ, ಇದು ಕಾಫಿ.”

“ಕೇಳು. ಇಂಡಿಯಾನಾಪೊಲಿಸ್‌ನಲ್ಲಿ ಒಂದು ಕಂಪನಿ ಇದೆ. ನಿನ್ನ ಕೆಲ್ಸಾನ ಅರ್ಧ ರೇಟಿಗೆ ಮಾಡ್ಕೊಡ್ತಾರಂತೆ. ಜನ ಮುಂದಿನ್ ವರ್ಷದ ಪಾಲು ಬರ್ದು ಸಹಿ ಹಾಕೋಕೆ ಇವತ್ತೇ ಕಡೇ ದಿನ, ಸಂಜೆ ಐದರವರೆಗೆ. ಅಷ್ಟರೊಳಗೆ ಸರಾಸರಿ ಐದು ಮುಟ್ಟಿಸು, ಆ ಹೊರಗಿನವರಿಗೆ ಕೆಲ್ಸ ಕೊಡಲ್ಲ. ಇದು ಲೈಲ್ ಬ್ರಂಬಾನ ಮಾತು. ಮುಟ್ಲಿಲ್ವಾ, ಸೋಮವಾರದಿಂದ ಅವರೇ.”

ಡೆಲ್ಬರ್ಟನ ವಯಸ್ಸು ಐವತ್ತೆಂಟು. ಕೆಲಸ ಹೋದರೆ ಕಂಪನಿ ಕೊಡುವ ಆರೋಗ್ಯ ವಿಮೆಯೂ ಹೋಗುತ್ತದೆ. ಜನವರಿಯಲ್ಲಿ ಹೆಂಡತಿ ಗ್ಲೆಂಡಾಳ ಎರಡೂ ಮಂಡಿಗಳಿಗೆ ಆಪರೇಷನ್ ಗೊತ್ತಾಗಿತ್ತು. ವಿಮೆ ಇಲ್ಲದೆ ಆ ಮಂಡಿ ಮಾಡಿಸುವುದಕ್ಕಿಂತ ಹೊಸ ಮನೆ ಕಟ್ಟಿಸುವುದು ಅಗ್ಗ.

ಅವನು ಮತ್ತೆ ಕೆಳಗಿಳಿದ. ಬೆಳಿಗ್ಗೆ ಸಿಪ್ಪೆ ಎಸೆದವರ ಮುಂದೆಯೇ ಹೋಗಿ, ಮುಪ್ಪಿಗೆ ಇನ್ನಷ್ಟು ಉಳಿಸಿ ಎಂದು ಬೇಡಬೇಕಾಗಿತ್ತು. ಮರ್ಯಾದೆ ಇದ್ದವನಾಗಿದ್ದರೆ ಕೆಲಸ ಬಿಡುತ್ತಿದ್ದ. ಆದರೆ ಮರ್ಯಾದೆಗೆ ವಿಮೆ ಸಿಗುವುದಿಲ್ಲ.

“ಶೇಕಡಾ ಎರಡು ಹೆಚ್ಚಿಗೆ ಬರ್ಕೊಳ್ಳೋ ಡಾರ್ಲ್. ನಿನ್ನ ಒಳ್ಳೇದಕ್ಕೇ.”

ಡಾರ್ಲ್ ಹಿಡಿ ಉಜ್ಜುವುದನ್ನು ನಿಲ್ಲಿಸಲಿಲ್ಲ. “ನನ್ನ ಒಳ್ಳೇದಕ್ಕಾಗಿದ್ರೆ ನಿನ್ನ ಹಣೇಲಿ ಯಾಕಪ್ಪಾ ಬೆವರು?”

ಡೆಲ್ಬರ್ಟ್ ಒಳಗಿದ್ದುದನ್ನೆಲ್ಲ ಕಕ್ಕಿದ. ಲೈಲ್, ಸರಾಸರಿ, ಇಂಡಿಯಾನಾಪೊಲಿಸ್, ಗ್ಲೆಂಡಾಳ ಮಂಡಿ. ಡಾರ್ಲ್ ಮರುಗಿದ. ಮರುಗಿದ್ದಷ್ಟೇ ಅಲ್ಲ, ಅವಕಾಶವನ್ನೂ ಕಂಡುಕೊಂಡ.

“ಶನಿವಾರ ಒಂದು ಜಿಂಕೆ ಹೊಡ್ದೆ. ಅರ್ಧ ಮಿಕ್ಕಿದೆ, ಫ್ರಿಜ್ಜಲ್ಲಿ ಜಾಗ ಇಲ್ಲ. ಒಲೆ ದುಡ್ಡು ಬೇರೆ ಕಟ್ಬೇಕು. ಆ ಅರ್ಧ ಜಿಂಕೆ ನೀನು ಕೊಂಡ್ಕೋ, ನಾನು ಎರಡು ಪರ್ಸೆಂಟ್ ಬರ್ಕೊಡ್ತೀನಿ.”

ಈ ಸುದ್ದಿ ಹರಡಲು ಎಷ್ಟು ಹೊತ್ತು? ಊಟದ ವೇಳೆಗೆ ಡೆಲ್ಬರ್ಟನ ಮುಂದೆ ಸಾಲು ನಿಂತಿತ್ತು. ಜನ ತಮ್ಮ ಮುಪ್ಪಿಗೆ ತಾವು ಉಳಿಸಿಕೊಳ್ಳಲು ಲಂಚ ಕೇಳುತ್ತಿದ್ದರು, ನಾಚಿಕೆಯಿಲ್ಲದೆ. ಒಬ್ಬನಿಗೆ ಅವನು ಕ್ರಿಸ್ಮಸ್ಸಿಗೆ ಚರ್ಚಿನಲ್ಲಿ ಸಾಂಟಾ ವೇಷ ಹಾಕುವುದಾಗಿ ಒಪ್ಪಿದ. ಇನ್ನೊಬ್ಬನ ಅತ್ತೆಯನ್ನು ಭಾನುವಾರ ವಿಮಾನ ನಿಲ್ದಾಣದಿಂದ ಕರೆತರಲು ಒಪ್ಪಿದ. ಬರ್ನಿಸ್ ಕೊನೆಗೆ ಬಂದಳು. ಅವಳ ಕೈಯಲ್ಲಿ ಒಂದು ರಟ್ಟಿನ ಡಬ್ಬ, ಡಬ್ಬದೊಳಗೆ ಕುಂಯ್‌ಗುಡುವ ನಾಯಿಮರಿ.

“ಆರು ಮರೀಲಿ ಇದೊಂದು ಉಳ್ಕಂಬಿಟ್ಟಿದೆ ಕಣಪ್ಪಾ. ತಗೋ, ಮೂರು ಪರ್ಸೆಂಟ್ ಬರೀತೀನಿ.”

“ಬರ್ನಿಸ್, ಗ್ಲೆಂಡಾಗೆ ನಾಯಿ ಅಂದ್ರೆ ಅಲರ್ಜಿ.”

“ನಂಗೂ ಉಳಿತಾಯ ಅಂದ್ರೆ ಅಲರ್ಜಿನೇ. ಸಹಿಸ್ಕೊಳ್ತಿಲ್ವಾ?”

ಮಧ್ಯಾಹ್ನ ಇಳಿಯುವ ಹೊತ್ತಿಗೆ ಡೆಲ್ಬರ್ಟನ ಕಾರಿನ ಡಿಕ್ಕಿಯಲ್ಲಿ ಅರ್ಧ ಜಿಂಕೆ, ಮೇಜಿನ ಕೆಳಗೆ ನಾಯಿಮರಿ, ಸರಾಸರಿ ಮಾತ್ರ ಮೂರೂವರೆಯ ಬಳಿ. ಮರಿ ಅಷ್ಟರಲ್ಲಿ ಅವನ ಎಡಗಾಲಿನ ಶೂ ಲೇಸನ್ನು ಮುಗಿಸಿ ಬಲಗಾಲಿಗೆ ಬಂದಿತ್ತು. ಇನ್ನು ಕೇಳಲು ಯಾರೂ ಉಳಿದಿರಲಿಲ್ಲ, ತನ್ನನ್ನು ಬಿಟ್ಟು. ಅವನೂ ಕೆಳಗಿನವರಲ್ಲೇ ಒಬ್ಬ. ಕಣ್ಣು ಮುಚ್ಚಿ, ತನ್ನ ಹೆಸರಿನ ಮುಂದೆ ಶೇಕಡಾ ಐವತ್ತು ಎಂದು ಬರೆದು ಸಹಿ ಹಾಕಿದ. ಒಮ್ಮೆ ಹಾಕಿದ ಸಹಿಯನ್ನು ಒಂದು ವರ್ಷ ಬದಲಿಸುವಂತಿಲ್ಲ. ಜನ ನಡುವೆ ಕಳಚಿಕೊಳ್ಳದಿರಲಿ ಎಂದು ಲೈಲ್ ತಾನೇ ಮಾಡಿಸಿದ ಕಟ್ಟಳೆ ಅದು.

ಮನೆಗೆ ಫೋನ್ ಮಾಡಿ ಗ್ಲೆಂಡಾಗೆ ಹೇಳಿದ.

“ಅರ್ಧ ಸಂಬಳಾನ? ಮುಂದಿನ್ ವರ್ಷ ಪೂರ್ತಿ ತಿನ್ನೋದೇನ್ರೀ?”

“ಜಿಂಕೆ” ಎಂದ ಡೆಲ್ಬರ್ಟ್.

ಅವಳು ಫೋನ್ ಇಟ್ಟುಬಿಟ್ಟಳು. ಲೆಕ್ಕ ಮತ್ತೆ ಹಾಕಿದ. ಇನ್ನೂ ಸಾಲದು. ಇಷ್ಟೆಲ್ಲ ಮಾಡಿಯೂ ಸರಾಸರಿ ಐದಕ್ಕೆ ಒಂದು ಗೇಣು ಕೆಳಗೇ ನಿಂತಿತ್ತು. ಡೆಲ್ಬರ್ಟ್ ತಲೆಯನ್ನು ಮೇಜಿನ ಮೇಲಿಟ್ಟ. ಕೆಳಗೆ ಮರಿ ಅವನ ಕಾಲುಚೀಲ ಹಿಡಿದು ಎಳೆಯುತ್ತಿತ್ತು.

“ಡೆಲ್ಬರ್ಟ್, ಒಳಗೆ ಬರ್ಲಾ?”

ಬಾಗಿಲಲ್ಲಿ ನಿಂತಿದ್ದವಳು ಟ್ವೈಲಾ ಮೆಸರ್. ಮುಂಬಾಗಿಲ ಮೇಜಿನಲ್ಲಿ ಕೂತು ಫೋನ್ ಎತ್ತುವವಳು, ನಲವತ್ತೈದರ ಆಸುಪಾಸು, ಯಾವಾಗಲೂ ಉಗುರಿಗೆ ಒಂದು ಬಣ್ಣ, ಮಾತಿಗೆ ಒಂದು ಬಣ್ಣ. ಈ ತನಕ ನಿಧಿಗೆ ಬಿಡಿಕಾಸು ಹಾಕಿದವಳಲ್ಲ. ಹಾಗಾಗಿ ಡೆಲ್ಬರ್ಟ್ ಅವಳನ್ನು ಕೇಳಲೂ ಹೋಗಿರಲಿಲ್ಲ.

“ನಾನೂ ಸೇರ್ಬೇಕು ಅಂತಿದೀನಿ. ಎಷ್ಟು ಹಾಕ್ಬೋದು?”

“ಎಷ್ಟಾದ್ರೂ ಹಾಕಿ ಟ್ವೈಲಾ. ಒಂದು, ಎರಡು...”

“ಅರವತ್ತು ಹಾಕ್ಲಾ?”

“ಅರವತ್ತು ಡಾಲರಾ?”

“ಅರವತ್ತು ಪರ್ಸೆಂಟ್.”

ಡೆಲ್ಬರ್ಟ್ ಎದ್ದು ನಿಂತ. ಕಾಲುಚೀಲಕ್ಕೆ ಜೋತುಬಿದ್ದಿದ್ದ ಮರಿಯೂ ಎದ್ದಿತು. “ಟ್ವೈಲಾ, ಮತ್ತೆ ನಿಮ್ಮ ಜೀವನಕ್ಕೆ?”

“ಇನ್ಮೇಲೆ ಈ ಸಂಬಳ ನಂಗೆ ಅಷ್ಟೇನೂ ಬೇಕಾಗಿಲ್ಲ ಬಿಡಿ” ಎಂದು ಅವಳು ನಕ್ಕಳು. “ಆದ್ರೆ ಲೈಲ್‌ಗೆ ಈಗ್ಲೇ ಹೇಳ್ಬೇಡಿ. ಅವ್ರು ಯಾವಾಗ್ಲೂ ಸರಾಸರಿ ಸರಾಸರಿ ಅಂತ ಕೊರಗ್ತಿರ್ತಾರೆ. ಸಂಜೆ ನಾನೇ ಹೇಳಿ ಖುಷಿಪಡಿಸ್ತೀನಿ.”

ಯಾವಳೋ ಚಿಕ್ಕಮ್ಮ ಸತ್ತು ಆಸ್ತಿ ಬಿಟ್ಟಿರಬೇಕು ಎಂದುಕೊಂಡ ಡೆಲ್ಬರ್ಟ್. ಆ ಚಿಕ್ಕಮ್ಮನ ಆತ್ಮಕ್ಕೆ ಶಾಂತಿ ಕೋರಿ ಸಹಿ ಹಾಕಿಸಿಕೊಂಡ. ಟ್ವೈಲಾ ಹೋದ ಮೇಲೆ ಕೂಡಿ ಭಾಗಿಸಿದ. ಐದು! ಐದನ್ನೂ ದಾಟಿ ಆರರ ಮೇಲೆ! ಡೆಲ್ಬರ್ಟ್ ಸ್ಟಕಿ ಬಾಗಿಲು ಹಾಕಿಕೊಂಡು ನಾಯಿಮರಿಯ ಮುಂಗಾಲು ಹಿಡಿದು ಕುಣಿದ. ಕೆಲಸ ಉಳಿಯಿತು, ಮಂಡಿ ಉಳಿಯಿತು. ಮೇಲಕ್ಕೋಡಿ ಲೈಲ್‌ಗೆ, “ಮುಟ್ಟಿತು!” ಎಂದಷ್ಟೇ ಹೇಳಿದ. ಲೈಲ್ ಅವನ ಬೆನ್ನು ತಟ್ಟಿ, ತಟ್ಟಿದ ಕೈಯನ್ನು ಕರವಸ್ತ್ರದಲ್ಲಿ ಒರೆಸಿಕೊಂಡು, ಐದು ಗಂಟೆಗೆ ಎಲ್ಲರೂ ಕ್ಯಾಂಟೀನಿಗೆ ಬರಲಿ ಎಂದ.

ಕ್ಯಾಂಟೀನಿನಲ್ಲಿ ಒಂದು ಕೇಕು ಇತ್ತು. ನಲವತ್ತು ಜನಕ್ಕೆ ಒಂದೇ, ಅದೂ ನಿನ್ನೆಯದು. ಲೈಲ್ ಒಂದು ಕೈ ಎತ್ತಿ ಸುಮ್ಮನಾಗಿಸಿದ.

“ಸ್ನೇಹಿತರೇ, ಇವತ್ತು ಎರಡು ಸಂತೋಷದ ಸಮಾಚಾರ. ಮೊದಲ್ನೇದು, ನೀವೆಲ್ಲ ಕೊನೆಗೂ ನಿಮ್ಮ ಮುಪ್ಪಿನ ಬಗ್ಗೆ ಜವಾಬ್ದಾರಿ ತಗೊಂಡಿದೀರಿ. ನಂಗೆ ಹೆಮ್ಮೆ ಆಗ್ತಿದೆ.” ಡಾರ್ಲ್ ಕೆಮ್ಮಿದ. “ಎರಡನೇದು, ಹೋದ ಶನಿವಾರ ನಾನೂ ಟ್ವೈಲಾನೂ ಮದುವೆ ಮಾಡ್ಕೊಂಡ್ವಿ!”

ಜನ ಚಪ್ಪಾಳೆ ತಟ್ಟಿದರು. ಬರ್ನಿಸ್ ಮಾತ್ರ, ತನಗೆ ತಿಳಿಯದೆ ಊರಿನಲ್ಲಿ ಒಂದು ಮದುವೆ ಆಗಿಹೋಯಿತಲ್ಲ ಎಂಬ ಅವಮಾನದಿಂದ ಕುರ್ಚಿ ಹಿಡಿದು ಕೂತಳು. ಟ್ವೈಲಾ ಮುಂದೆ ಬಂದು ಗಂಡನ ತೋಳು ಹಿಡಿದು, ತನ್ನ ಉಡುಗೊರೆಯಾಗಿ ಶೇಕಡಾ ಅರವತ್ತು ಬರೆದದ್ದನ್ನು ಹೇಳಿದಳು. ಮತ್ತೆ ಚಪ್ಪಾಳೆ. ಲೈಲ್‌ನ ಕಣ್ಣಲ್ಲಿ ನೀರೂ ಬಂತು.

ಡೆಲ್ಬರ್ಟನ ಕೈಯಲ್ಲಿದ್ದ ಕೇಕಿನ ತುಂಡು ಕೆಳಗೆ ಬಿತ್ತು.

ಮಾಲೀಕನ ಹೆಂಡತಿಯ ಸಂಬಳ ಎಷ್ಟೇ ಕಡಿಮೆ ಇರಲಿ, ಕಾನೂನಿನ ಕಣ್ಣಿಗೆ ಅವಳು ಮೇಲಿನವರಲ್ಲೇ ಒಬ್ಬಳು. ಅಂದರೆ ಟ್ವೈಲಾಳ ಅರವತ್ತು ಕೆಳಗಿನವರ ಸರಾಸರಿಯಿಂದ ಕಳಚಿಬಿತ್ತು. ಕಳಚಿದ್ದು ಅಲ್ಲಿಗೇ ನಿಲ್ಲದೆ ಮೇಲಿನವರ ತಲೆಯ ಮೇಲೆ ಹೋಗಿ ಕೂತಿತು. ಕೆಳಗೆ ಐದಿಲ್ಲ, ಮೇಲೆ ಹೊರೆ ಹೆಚ್ಚಾಯಿತು. ಲೈಲ್‌ನ ಹಣ ಹೋದ ವರ್ಷಕ್ಕಿಂತ ದೊಡ್ಡ ಗಂಟಾಗಿ ವಾಪಸ್ ಬರಲಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ವರ್ಷ ಕಳೆಯುವವರೆಗೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಡೆಲ್ಬರ್ಟ್ ಪ್ರಾಮಾಣಿಕ. ಪೆದ್ದ ಎನ್ನಲು ಸಭ್ಯರು ಬಳಸುವ ಮಾತು ಅದೇ ತಾನೆ. ಅವನು ಲೈಲ್‌ನ ಕಿವಿಯ ಬಳಿ ಹೋಗಿ ಎಲ್ಲವನ್ನೂ ಹೇಳಿಬಿಟ್ಟ.

ಲೈಲ್‌ನ ಬೆಂದ ಮುಖ ಬೂದಿಯಾಯಿತು. ಒಂದು ಕ್ಷಣ ಯೋಚಿಸಿ, ಪಿಸುಗುಡುತ್ತಿದ್ದೇನೆ ಎಂದುಕೊಂಡು ಎಲ್ಲರಿಗೂ ಕೇಳುವಂತೆ ಕೇಳಿದ:

“ವಿಚ್ಛೇದನ ಆದ್ರೆ ಸರಿಹೋಗತ್ತಾ?”

“ಇಲ್ಲ ಲೈಲ್. ಈ ವರ್ಷ ಒಂದೇ ಒಂದು ದಿನ ಹೆಂಡತಿಯಾಗಿದ್ರೂ ಮುಂದಿನ್ ವರ್ಷಕ್ಕೂ ಲೆಕ್ಕಕ್ಕೆ ಬರ್ತಾರೆ.”

ಟ್ವೈಲಾ ಗಂಡನ ತೋಳನ್ನು ಬಿಟ್ಟಳು. ಮದುವೆಯಾಗಿ ಇನ್ನೂ ಒಂದು ವಾರ ಆಗಿಲ್ಲ.

“ಏನಂದ್ರಿ?”

“ಅಯ್ಯೋ, ನಿನ್ನ ಬಗ್ಗೆ ಅಲ್ಲ ಕಣೇ ಚಿನ್ನ, ನಿಯಮದ ಬಗ್ಗೆ ಕೇಳಿದೆ” ಎಂದು ತೊದಲಿದ ಲೈಲ್, ಬಚಾವಾಗಲು ಅತ್ತಿತ್ತ ನೋಡಿದ. ಕಣ್ಣಿಗೆ ಬಿದ್ದವನು ಡೆಲ್ಬರ್ಟ್. “ಎಲ್ಲಾ ಇವನಿಂದ! ಒಬ್ಬ ಹೆಂಗಸು ಅರವತ್ತು ಪರ್ಸೆಂಟ್ ಬರೀತಾಳೆ ಅಂದ್ರೆ, ಅಮ್ಮಾ ನಿಂಗೆ ಮದುವೆ ಆಗಿದೆಯಾ, ಆಗಿದ್ರೆ ಯಾರ ಜೊತೆ ಅಂತ ಕೇಳೋದು ಬೇಡ್ವಾ?”

“ಹೌದಲ್ಲ” ಎಂದಳು ಟ್ವೈಲಾ. ಗಂಡನ ಮೇಲಿನ ಸಿಟ್ಟನ್ನು ಅಲ್ಲೇ ಸುರಿಯುವಷ್ಟು ದಡ್ಡಿ ಅವಳಲ್ಲ. ಅದನ್ನು ಮನೆಗೆಂದು ಎತ್ತಿಟ್ಟಳು. “ಕೇಳ್ಲೇ ಇಲ್ಲ ಇವ್ರು. ಇಂಥ ಕೆಲ್ಸ ಇಷ್ಟು ಅಸಡ್ಡೆಯಾಗಿ ಮಾಡೋದಾ? ಲೈಲ್, ಇದನ್ನ ಇನ್ಮೇಲೆ ನಾನೇ ನೋಡ್ಕೊಳ್ತೀನಿ.”

ಇಲ್ಲ ಎನ್ನುವ ಸ್ಥಿತಿಯಲ್ಲಿ ಲೈಲ್ ಇರಲಿಲ್ಲ. ಸೋಮವಾರದಿಂದ ಟ್ವೈಲಾ ಡೆಲ್ಬರ್ಟನ ಕುರ್ಚಿಗೆ, ಡೆಲ್ಬರ್ಟ್ ಟ್ವೈಲಾಳ ಮೇಜಿಗೆ ಎಂದು ಅಲ್ಲೇ ತೀರ್ಮಾನವಾಯಿತು. ಸಂಬಳವೂ ಆ ಮೇಜಿನದೇ. ವಿಮೆ ಮಾತ್ರ ಇರುತ್ತದಂತೆ.

“ಮಾತು ಕೊಟ್ಟಿದ್ರಲ್ಲ ಲೈಲ್” ಎಂದ ಡೆಲ್ಬರ್ಟ್.

“ತಪ್ಪಿದೀನಾ? ಹೊರಗಿನವರಿಗೆ ಕೊಡಲ್ಲ ಅಂದಿದ್ದೆ. ಮನೆಯವರಿಗೇ ಕೊಟ್ಟಿದೀನಿ.”

ಜನ ಕೇಕು ಮುಗಿಸಿ ಚದುರಿದರು. ಫೋನ್ ಎತ್ತುವವನ ಸಂಬಳದಲ್ಲಿ ಅರ್ಧ ಕಳೆದರೆ ಎಷ್ಟು ಉಳಿಯುತ್ತದೆ ಎನ್ನುವುದನ್ನು ಲೆಕ್ಕ ಬಲ್ಲ ಡೆಲ್ಬರ್ಟ್ ಮನಸ್ಸಿನಲ್ಲೇ ಹಾಕಿ ನೋಡಿದ. ಉಳಿದದ್ದು ಮರಿಯ ಊಟಕ್ಕೆ ಸಾಕಾಗುತ್ತಿತ್ತು. ಓಡಿಹೋಗಿ ಟ್ವೈಲಾಳ ಮುಂದೆ ನಿಂತ.

“ಟ್ವೈಲಾ, ಅಲ್ಲ, ಮೇಡಂ... ನಾನು ಐವತ್ತು ಪರ್ಸೆಂಟ್ ಬರ್ದಿದ್ದು ಸರಾಸರಿಗೋಸ್ಕರ. ಈಗ ಅದು ಹೇಗೂ ಮುಟ್ಟಲ್ಲ. ನನ್ನ ಸಹಿ ಒಂದನ್ನ ತೆಗ್ದುಹಾಕಿ, ನಿಮ್ಮ ದಮ್ಮಯ್ಯ.”

ಟ್ವೈಲಾ ಗೋಡೆಯ ಗಡಿಯಾರ ನೋಡಿದಳು. ಐದೂಕಾಲು. ಹೊಸ ಕೆಲಸದ ಗಾಂಭೀರ್ಯ ಅವಳ ಮುಖಕ್ಕೆ ಆಗಲೇ ಬಂದುಬಿಟ್ಟಿತ್ತು.

“ಐದಕ್ಕೇ ಮುಗೀತಲ್ಲ ಡೆಲ್ಬರ್ಟ್. ಇನ್ನು ಮುಂದಿನ ನವೆಂಬರ್ ಬನ್ನಿ” ಎಂದಳು. “ಆಗ ಮಿತಿ ಇನ್ನೂ ಏರಿರತ್ತೆ.”